ಬೇರು ಮೇಲಾದ ಕಂಬ

ನಮ್ಮ ಗಿರಣಿಯವರು ಬೆಳ್ಳಿಹಬ್ಬಕ್ಕೆಂದು ಅಚ್ಚು ಹಾಕಿಸಿದ ಪುಸ್ತಕ ನನ್ನ ಮುಂದಿದೆ. ನುಣುಪಾದ ಕಾಗದ, ಬಣ್ಣದ ಚಿತ್ರಗಳು, ಮೊದಲ ಪುಟದಲ್ಲಿ ಮಾಲೀಕ ಅಭಯಕುಮಾರ ಶೇಠರ ನಗುಮುಖ. ಹದಿನಾಲ್ಕನೆಯ ಪುಟದಲ್ಲಿ ಇಚಲಕರಂಜಿಯ ಗಿರಣಿ ತೋಟದಲ್ಲಿರುವ ‘ಜಪಾನಿ ಮನೆ’ಯ ಫೋಟೋ ಇದೆ. ಅದರ ಕೆಳಗೆ ಮರಾಠಿಯಲ್ಲಿ ಮೂರು ಸಾಲು. ಜಪಾನಿನ ಒಂದು ಹಳೆಯ ದೇಗುಲದ ಬಾಗಿಲಲ್ಲಿ ಕೆಟ್ಟ ದೃಷ್ಟಿ ತಾಗದಿರಲೆಂದು ಒಂದು ಕಂಬವನ್ನು ಬೇಕೆಂದೇ ತಲೆಕೆಳಗಾಗಿ ನಿಲ್ಲಿಸಿದ್ದಾರಂತೆ. ಅದೇ ಸಂಪ್ರದಾಯದಂತೆ ಇಲ್ಲಿಯೂ ಒಂದು ಕಂಬವನ್ನು ನಿಲ್ಲಿಸಲು ಶೇಠರು ಅಪ್ಪಣೆ ಕೊಟ್ಟರಂತೆ. ಹಲಕರ್ಣಿಯ ಬಡಿಗ ಕಾಡಸಿದ್ದನು ಆ ಅಪ್ಪಣೆಯನ್ನು ಪಾಲಿಸಿದನಂತೆ.

ಓದಿದಾಗ ನನ್ನ ಮೈಯೆಲ್ಲ ಉರಿಯಿತು. ಮೂರು ಸಾಲಿಗೆ ಮೂರು ಸುಳ್ಳು. ಆ ಕಂಬ ನಿಂತ ದಿನ ಜಪಾನಿನ ದೇಗುಲದ ಸುದ್ದಿ ಇಲ್ಲಿ ಯಾವ ನರಪಿಳ್ಳೆಗೂ ಗೊತ್ತಿರಲಿಲ್ಲ. ಶೇಠರು ಆ ದಿನ ಊರಲ್ಲೇ ಇರಲಿಲ್ಲ. ಕಾಡಸಿದ್ದ ಬಡಿಗೇರರು ಆ ಕಂಬವನ್ನು ನಿಲ್ಲಿಸಲಿಲ್ಲ. ಶೇಠರಿಗೆ ‘ಅವರು’, ಬಡಿಗನಿಗೆ ‘ಅವನು’ ಎಂದು ಬರೆದಿದ್ದಾರಲ್ಲ, ಅದನ್ನು ಬೇಕಾದರೆ ನಾಲ್ಕನೆಯದಾಗಿ ಸೇರಿಸಿಕೊಳ್ಳಿ.

ನಾನು ಭೀಮಗೊಂಡ ಪಾಟೀಲ. ಆ ಬಟ್ಟೆ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಆ ಮನೆ ಕಟ್ಟುವಾಗ ದಿನದಿನದ ಕೆಲಸವನ್ನು ವಹಿಯಲ್ಲಿ ಬರೆದಿಟ್ಟವನು ನಾನೇ. ಈ ಸುಳ್ಳು ಯಾವಾಗ ಹುಟ್ಟಿತು, ಅದಕ್ಕೆ ಹಾಲೆರೆದು ಬೆಳೆಸಿದವರು ಯಾರು ಎಂಬುದು ನನಗೆ ಗೊತ್ತು. ಹಾಲೆರೆದವರಲ್ಲಿ ನಾನೂ ಒಬ್ಬ.

ಕಾಡಸಿದ್ದ ಕಾಕಾ ಕೊಲ್ಹಾಪುರ ಜಿಲ್ಲೆಯ ನಮ್ಮ ಕನ್ನಡದ ಊರು ಹಲಕರ್ಣಿಯವರು. ನಮ್ಮ ಹಿತ್ತಲಿಗೂ ಅವರ ಕೆಲಸದ ಚಪ್ಪರಕ್ಕೂ ನಡುವೆ ಒಂದು ಕಳ್ಳಿಬೇಲಿ ಅಷ್ಟೇ. ಅವರು ಮೇಜಿನ ಮುಂದೆ ನಿಂತು ಕೆಲಸ ಮಾಡಿದವರಲ್ಲ. ನೆಲದ ಮೇಲೆ ಕೂತು, ಮರವನ್ನು ಎಡಗಾಲಿನಿಂದ ಒತ್ತಿ ಹಿಡಿದು, ಗರಗಸವನ್ನು ತಮ್ಮ ಕಡೆಗೆ ಎಳೆದುಕೊಂಡು ಕೊಯ್ಯುತ್ತಿದ್ದರು. ಗಡಹಿಂಗ್ಲಜದಿಂದ ಚಂದಗಡದವರೆಗೆ ಮೂವತ್ತು ವರ್ಷ ಮನೆ ಕಟ್ಟಿದರು. ಒಂದು ತೊಲೆಗೂ ಕಬ್ಬಿಣದ ಮೊಳೆ ಹೊಡೆಯಲಿಲ್ಲ. ಕಂಬದ ತಲೆಯಲ್ಲಿ ಮರದ ನಾಲಗೆಯೊಂದನ್ನು ಬಿಡಿಸುವುದು, ತೊಲೆಯಲ್ಲಿ ಅದಕ್ಕೆ ಸರಿಯಾದ ತೂತು ಕೊರೆಯುವುದು, ಎರಡನ್ನೂ ಕೂಡಿಸಿ ಪಕ್ಕದಿಂದ ಜಾಲಿಯ ಬೆಣೆ ಬಡಿಯುವುದು. ಮಳೆಗಾಲದಲ್ಲಿ ಮರ ಉಬ್ಬಿ ತಾನೇ ಬಿಗಿಯುತ್ತದೆ. ಬೇಸಿಗೆಯಲ್ಲಿ ಸಡಿಲಾದರೆ ಬೆಣೆಗೆ ಇನ್ನೊಂದು ಏಟು ಕೊಟ್ಟರಾಯಿತು.

ಮರ ಮನೆಗೆ ಬಂದ ಕೂಡಲೇ ಅವರ ಮೊದಲ ಕೆಲಸವೆಂದರೆ ಬೇರಿನ ಕಡೆ ಯಾವುದು, ತುದಿಯ ಕಡೆ ಯಾವುದು ಎಂದು ನೋಡಿ, ಬೇರಿನ ಕಡೆಗೆ ಉಳಿಯಿಂದ ಮೂರು ಗೀರು ಹಾಕುವುದು. ಕೊಯ್ದು, ಕೆತ್ತಿ, ನಯ ಮಾಡಿದ ಮೇಲೆ ಕಂಬದ ಎರಡೂ ತುದಿ ನಮ್ಮಂಥವರ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಆದರೆ ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲಿಯೂ ಹಾಗೆಯೇ ನಿಲ್ಲಬೇಕು. ಬೇರು ಮೇಲಾದ ಕಂಬವಿರುವ ಮನೆಯಲ್ಲಿ ಸಂಸಾರ ನೆಲೆಗೊಳ್ಳುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ನೀವು ನಂಬುತ್ತೀರೋ ಬಿಡುತ್ತೀರೋ ನಿಮಗೆ ಸೇರಿದ್ದು. ಅಂಥ ಕಂಬ ನಿಲ್ಲಿಸಿದ ಬಡಿಗನನ್ನು ಮಾತ್ರ ನಮ್ಮ ಊರುಗಳಲ್ಲಿ ಯಾರೂ ಮತ್ತೆ ಮನೆ ಕೆಲಸಕ್ಕೆ ಕರೆಯುವುದಿಲ್ಲ.

ಇನ್ನೊಂದು ಪದ್ಧತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಮಾವಾಸ್ಯೆಯ ದಿನ ನಮ್ಮ ಬಡಿಗೇರರು ಹತ್ಯಾರ ಮುಟ್ಟುವುದಿಲ್ಲ. ಉಳಿ, ಬಾಚಿ, ಗರಗಸ ಎಲ್ಲವನ್ನೂ ತೊಳೆದು, ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಕಾಕಾ ಆ ದಿನ ಒಲೆಗೆ ಸೌದೆಯನ್ನೂ ಸೀಳುತ್ತಿರಲಿಲ್ಲ. ಅವರ ಹೆಂಡತಿ ಲಗಮವ್ವ ಕಾಕೂ ತಾವೇ ಸೀಳಿಕೊಳ್ಳುತ್ತ, ದೇವರ ಹೆಸರಿನಲ್ಲಿ ಗಂಡಸರಿಗೆ ಒಳ್ಳೆಯ ರಜೆ ಸಿಕ್ಕಿದೆ ಎಂದು ಗೊಣಗುತ್ತಿದ್ದರು.

1977ರಲ್ಲಿ ಅಭಯಕುಮಾರ ಶೇಠರು ಯಂತ್ರ ನೋಡಲು ಜಪಾನಿಗೆ ಹೋಗಿ ಬಂದರು. ಬರುವಾಗ ಒಂದು ಹುಚ್ಚನ್ನೂ ತಲೆಯಲ್ಲಿ ಹೊತ್ತು ತಂದರು. ಯಂತ್ರ ಜೋಡಿಸಲು ಬರುವ ಜಪಾನಿಗಳು ಇಳಿದುಕೊಳ್ಳಲು ಗಿರಣಿ ತೋಟದಲ್ಲಿ ಅವರದೇ ಪದ್ಧತಿಯ ಕಟ್ಟಿಗೆ ಮನೆಯಾಗಬೇಕು, ಒಂದೂ ಮೊಳೆ ಇರಬಾರದು. ಪುಣೆಯಿಂದ ಒಬ್ಬ ಆರ್ಕಿಟೆಕ್ಟ್ ಸಾಹೇಬ ದಪ್ಪನೆಯ ಚಿತ್ರಪುಸ್ತಕ ಹಿಡಿದುಕೊಂಡು ಬಂದ. ಇಚಲಕರಂಜಿ ಮತ್ತು ಕೊಲ್ಹಾಪುರದ ಮಿಸ್ತ್ರಿಗಳು ಚಿತ್ರ ನೋಡಿದರು, ಚಹಾ ಕುಡಿದರು, ಮೊಳೆಯಿಲ್ಲದೆ ಇದು ಆಗುವ ಕೆಲಸವಲ್ಲ ಎಂದು ಎದ್ದು ಹೋದರು. ಆಗ ನಾನು ನಮ್ಮೂರಲ್ಲಿ ಒಬ್ಬರಿದ್ದಾರೆ ಎಂದೆ. ಆ ಮಾತನ್ನು ಹೆಮ್ಮೆಯಿಂದ ಆಡಿದ್ದೆ. ಈಗ ನೆನೆದರೆ ನಾಲಗೆ ಕಚ್ಚಿಕೊಳ್ಳುವಂತಾಗುತ್ತದೆ.

ಕಾಕಾ ಬಂದರು. ತೋಟದ ಹುಣಸೆಮರದ ಕೆಳಗೆ ಕೂತು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಒಂದು ಚಿತ್ರದ ಮೇಲೆ ಅವರ ಬೆರಳು ನಿಂತಿತು. ಜಪಾನಿನ ಒಬ್ಬ ಮುದುಕ ಬಡಗಿ ನೆಲದ ಮೇಲೆ ಕೂತು, ಮರವನ್ನು ಕಾಲಿನಿಂದ ಒತ್ತಿ ಹಿಡಿದು, ಗರಗಸ ಎಳೆಯುತ್ತಿದ್ದ.

“ತಮ್ಮಾ, ಇಂವಾ ನಮ್ಮ ಮಂದ್ಯಾಗಿನಾಂವನ ಅದಾನ ನೋಡ,” ಎಂದರು ಕಾಕಾ. “ಗರಗಸಾ ತನ್ನ ಕಡೆ ಎಳಕೊಳ್ಳಾಕತ್ತಾನ. ಇಂಗ್ರೇಜಿ ಗರಗಸಾ ಮುಂದ ದಬ್ಬಬೇಕಾಗತೈತಿ. ಇಂವಗ ಯಾರ ಕಲಿಸಿದ್ರೋ ಏನೋ.”

ಮುಂದಿನ ಹಾಳೆಯಲ್ಲಿ ಎರಡು ತೊಲೆಗಳನ್ನು ಉದ್ದಕ್ಕೆ ಜೋಡಿಸಿ ಒಂದು ಮಾಡುವ ಬಗೆ ಇತ್ತು. ಎರಡೂ ತುದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದು, ಒಂದಕ್ಕೊಂದು ತೆಕ್ಕೆ ಹಾಕಿಸಿ, ನಡುವೆ ಬೆಣೆ ಬಡಿದಿದ್ದರು. ಕಾಕಾ ಅದನ್ನು ನೋಡುತ್ತ ಕೂತಿದ್ದಂತೆ ಅವರ ಚಹಾ ಆರಿ ಹೋಯಿತು. ಆಮೇಲೆ ಮತ್ತಿ ಮರದ ಎರಡು ತುಂಡು ಕೇಳಿ ತರಿಸಿಕೊಂಡರು. ಎರಡು ದಿನ ಯಾರ ಜೊತೆಯೂ ಮಾತಿಲ್ಲ. ಮೂರನೆಯ ದಿನ ಆ ಜೋಡಣೆಯನ್ನು ಸಾಹೇಬನ ಮುಂದೆ ಇಟ್ಟರು. ಗಿರಣಿಯ ವರ್ಕ್‌ಶಾಪಿನ ನಾಲ್ಕು ಜನ ಫಿಟ್ಟರುಗಳು ಎರಡೂ ಕಡೆ ಹಿಡಿದು ಜಗ್ಗಿದರು, ಏದುಸಿರು ಬಿಟ್ಟರು, ಜೋಡಣೆ ಕೂದಲೆಳೆಯಷ್ಟೂ ಬಿಡಲಿಲ್ಲ. ಸಾಹೇಬ ಕ್ಯಾಮೆರಾ ತೆಗೆದು ಆ ಜೋಡಣೆಯ ಫೋಟೋ ಹೊಡೆದ. ಮಾಡಿದ ಮನುಷ್ಯ ಅಲ್ಲೇ ಪಕ್ಕದಲ್ಲಿ ಕೂತಿದ್ದರು. ಅವರನ್ನು ಸ್ವಲ್ಪ ಸರಿದು ಕೂಡಲು ಹೇಳಿದ.

ಆಮೇಲಿನ ಎಂಟು ತಿಂಗಳು ಕಾಕಾ ಇದ್ದಷ್ಟು ಖುಷಿಯಲ್ಲಿ ನಾನು ಅವರನ್ನು ಹಿಂದೆಂದೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಆ ಮನೆಗೆ ಜಾರುಬಾಗಿಲುಗಳಿದ್ದವು. ಮಳೆಗಾಲದಲ್ಲಿ ಮರ ಉಬ್ಬಿದರೂ ಕಚ್ಚಿಕೊಳ್ಳಬಾರದೆಂದು ಲೆಕ್ಕ ಹಾಕಿ ಅವರು ಎಷ್ಟು ಬೇಕೋ ಅಷ್ಟೇ ಸಂದು ಬಿಟ್ಟರು, ಬಾಗಿಲು ಸರಿಯುವ ಕೆಳಗಿನ ತೋಡಿಗೆ ಮೇಣ ತಿಕ್ಕಿದರು. ಕಿರುಬೆರಳಿನಿಂದ ದೂಡಿದರೆ ಬಾಗಿಲು ಸರಿಯುತ್ತಿತ್ತು. ಬಂದವರಿಗೆಲ್ಲ, ಕಿರುಬೆರಳಿನಿಂದಲೇ ದೂಡಬೇಕು ಎಂದು ತಾಕೀತು ಮಾಡುತ್ತಿದ್ದರು. ಇಡೀ ಕೈ ಹಚ್ಚಿ ದೂಡಿದವರನ್ನು ಹಿಂದಕ್ಕೆ ಕರೆದು ಮತ್ತೊಮ್ಮೆ ದೂಡಿಸುತ್ತಿದ್ದರು.

ಅತಿಥಿಗಳು ಕೂಡುವ ಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಗೂಡು, ಅದರ ಬದಿಗೆ ಎಲ್ಲರಿಗೂ ಕಾಣುವಂತೆ ಒಂದೇ ಒಂದು ಕಂಬ. ಆ ಪುಸ್ತಕದ ಪ್ರಕಾರ ಮನೆಯ ಮಾನವೆಲ್ಲ ಆ ಕಂಬದಲ್ಲಿರುತ್ತದೆ. ಕಾಕಾ ತಾವೇ ಆಜರೆಗೆ ಹೋಗಿ ಹೊನ್ನೆಯ ಮರ ಆರಿಸಿ ತಂದರು. ಅದನ್ನು ಕೆತ್ತಿ ನಯ ಮಾಡಿದಾಗ ಆಳೆತ್ತರದಲ್ಲಿ ಒಂದು ದೊಡ್ಡ ಗಂಟು ಎದ್ದು ಕಂಡಿತು. ಕಾಕಾಗೆ ಆ ಗಂಟೇ ಚಂದವಾಗಿತ್ತು. ಸಾಹೇಬನಿಗೆ ಅದು ಮುಖದ ಮೇಲಿನ ಕುರುವಿನಂತೆ ಕಂಡಿತು. ಕಂಬವನ್ನು ತಿರುವಿ ನಿಲ್ಲಿಸಿದರೆ ಗಂಟು ಕೆಳಗೆ ಹೋಗಿ ಹೂದಾನಿಯ ಹಿಂದೆ ಅಡಗುತ್ತದೆ ಎಂದು ಹೇಳಿದ.

“ಸಾಹೇಬ್ರ, ಗಂಟ ಬ್ಯಾಡಾದ್ರ ಬ್ಯಾರೆ ಕಂಬಾ ತರತೇನಿ,” ಎಂದರು ಕಾಕಾ. “ಇದನ್ನ ತಿರುವಿ ನಿಂದ್ರಸಂಗಿಲ್ರಿ. ಗಿಡಾ ಹೆಂಗ ನಿಂತಿತ್ತೋ ಹಂಗ ನಿಂದರಬೇಕು.”

ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಸಾಹೇಬ ನಕ್ಕು, “ಆತಾ ಹೇ ಲಾಕೂಡ ಆಹೇ, ಝಾಡ ನಾಹೀ,” ಎಂದ. ಇದು ಈಗ ಬರೀ ಕಟ್ಟಿಗೆ, ಮರವಲ್ಲ ಎಂದು. ಎಂಟು ತಿಂಗಳು ಕಟ್ಟಿಗೆ ಮನೆ ಕಟ್ಟಿಸಿದವನ ತಿಳುವಳಿಕೆ ಅಷ್ಟು.

ಇದಾದದ್ದು 1978ರ ನವೆಂಬರಿನಲ್ಲಿ. ಇಪ್ಪತ್ತೊಂಬತ್ತನೆಯ ತಾರೀಖು ಸಂಜೆ ಕಾಕಾ ಹತ್ಯಾರಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಎಸ್.ಟಿ. ಬಸ್ಸು ಹಿಡಿದು ಊರಿಗೆ ಹೋದರು. ಮರುದಿನ ಛಟ್ಟಿ ಅಮಾವಾಸ್ಯೆ.

ಅದೇ ಅಮಾವಾಸ್ಯೆಯ ದಿನ, ಗುರುವಾರ, ಸಾಹೇಬ ಹೇಳದೆ ಕೇಳದೆ ಪುಣೆಯಿಂದ ಬಂದಿಳಿದ. ಜೊತೆಗೆ ಮುಂಬಯಿಯ ಯಾವುದೋ ಪತ್ರಿಕೆಯ ಫೋಟೋಗ್ರಾಫರ್. ಫೋಟೋದಲ್ಲಿ ಆ ಕಂಬ ನಿಂತಿರಬೇಕು, ಅದೂ ಅವತ್ತೇ. ಕಾಕಾ ನಾಳೆ ಬರುತ್ತಾರೆ ಎಂದು ನಾನು ಹೇಳಿದೆ. ಒಂದೇ ಸಲ ಹೇಳಿದೆ. ಇಲ್ಲಿ ಆರ್ಕಿಟೆಕ್ಟ್ ನೀನೋ ನಾನೋ ಎಂದು ಅವನು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ವರ್ಕ್‌ಶಾಪಿನಿಂದ ಅದೇ ನಾಲ್ಕು ಫಿಟ್ಟರುಗಳು ಬಂದರು. ಕಾಕಾ ಒಂದು ವಾರ ಕೂತು ಬಿಡಿಸಿದ್ದ ನಾಲಗೆಗಳನ್ನು ಕರೆಂಟಿನ ಗರಗಸ ಒಂದು ನಿಮಿಷದಲ್ಲಿ ಕತ್ತರಿಸಿ ಬಿಸಾಡಿತು. ಕಂಬ ತಲೆಕೆಳಗಾಗಿ ನಿಂತಿತು. ಮೇಲೆ ಕೆಳಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟು ಬಿಗಿದು, ಅದು ಕಾಣದಂತೆ ಹಲಗೆ ಮುಚ್ಚಿದರು. ಬೇರಿನ ಕಡೆಯ ಮೂರು ಗೀರು ಈಗ ಮಾಡಿನ ಹತ್ತಿರ ಹೋಗಿದ್ದವು. ಫೋಟೋದಲ್ಲಿ ಹೊಲಸು ಕಾಣುತ್ತದೆಂದು ಅವನ್ನೂ ಉಜ್ಜಿ ಅಳಿಸಿದರು. ಸಂ‌ಜೆ ನಾನು ವಹಿಯಲ್ಲಿ ಬರೆದೆ: ಮುಖ್ಯ ಕಂಬ ನಿಲ್ಲಿಸಲಾಯಿತು, 30-11-1978.

ಶುಕ್ರವಾರ ಕಾಕಾ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ಹೆಗಲ ಚೀಲವನ್ನು ಕೆಳಗಿಡಲಿಲ್ಲ. ಹತ್ತಿರ ಹೋಗಿ ಕಂಬದ ಮೇಲೆ ಅಂಗೈ ಇಟ್ಟು ಕೆಳಗಿನಿಂದ ಮೇಲಕ್ಕೆ ಸವರಿದರು, ಮತ್ತೆ ಮೇಲಿನಿಂದ ಕೆಳಕ್ಕೆ. ಇದನ್ನು ತಿರುವಿ ಸರಿಯಾಗಿ ನಿಲ್ಲಿಸುವ ತನಕ ಚೀಲ ಬಿಚ್ಚುವುದಿಲ್ಲ ಎಂದು ನನಗೆ ಹೇಳಿದರು. ನಾನು ಕೈಮುಗಿದು ಬೇಡಿಕೊಂಡೆ. ಫೆಬ್ರುವರಿಯಲ್ಲಿ ಗೃಹಪ್ರವೇಶ, ಅದೊಂದು ಮುಗಿಯಲಿ, ಜಪಾನಿನವರು ಯಂತ್ರದ ಕೆಲಸ ಮುಗಿಸಿ ಹೊರಟ ಮೇಲೆ ನಾನೇ ಶೇಠರಿಗೆ ಹೇಳಿ ತಿರುವಿಸುತ್ತೇನೆ ಎಂದು ಮಾತು ಕೊಟ್ಟೆ. ಕಳ್ಳಿಬೇಲಿಯಾಚೆಯ ಮನೆಯವನ ಮಾತು ಎಂದು ಅವರು ನಂಬಿದರು, ಚೀಲ ಬಿಚ್ಚಿದರು, ಉಳಿದ ಕೆಲಸ ಮುಗಿಸಿದರು. ನಾನು ಶೇಠರ ಮುಂದೆ ಆ ಮಾತನ್ನು ಎತ್ತಲೇ ಇಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಫೆಬ್ರುವರಿ ಬಂತು.

ಗೃಹಪ್ರವೇಶಕ್ಕೆ ಕೊಲ್ಹಾಪುರದ ಬೆಲ್ಲದ ವ್ಯಾಪಾರಿಗಳು, ಗಡಹಿಂಗ್ಲಜದ ದೊಡ್ಡ ರೈತರು, ಗಿರಣಿಯ ಜನ ಎಲ್ಲ ಸೇರಿದ್ದರು. ಜಪಾನಿನಿಂದ ಬಂದ ಮುಖ್ಯ ಎಂಜಿನಿಯರ್ ಇಜಿಮಾ ಎಂಬವರ ತಂದೆ ದೇಗುಲ ಕಟ್ಟುವ ಬಡಗಿಯಾಗಿದ್ದರಂತೆ. ಇಜಿಮಾ ಬಂದವರೇ ಜಾರುಬಾಗಿಲನ್ನು ಕಿರುಬೆರಳಿನಿಂದ ದೂಡಿದರು. ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಉದ್ದ ತೊಲೆಯ ಜೋಡಣೆಯ ಕೆಳಗೆ ಕತ್ತೆತ್ತಿ ಬಹಳ ಹೊತ್ತು ನಿಂತರು. ಕೊನೆಗೆ ಆ ಕಂಬದ ಮುಂದೆ ಮಂಡಿಯೂರಿ ಕೂತು, ಮರದ ಎಳೆಯ ಮೇಲೆ ಬೆರಳಾಡಿಸಿ, ತಮ್ಮ ದುಭಾಷಿಗೆ ಮೆಲ್ಲಗೆ ಏನೋ ಹೇಳಿದರು. ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ: ಬೇರು ಮೇಲಾದ ಕಂಬ ಅವರ ಕಡೆಯೂ ಕೆಡುಕಂತೆ. ಶೇಠರು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಕೇಳಿದರು: ಈ ಕಂಬವನ್ನು ತಲೆಕೆಳಗಾಗಿ ನಿಲ್ಲಿಸಿದವನು ಯಾರು?

ಸಾಹೇಬನಿಗೆ ಉತ್ತರ ಕೊಡಲು ಒಂದು ಕ್ಷಣವೂ ಬೇಕಾಗಲಿಲ್ಲ. ಹಳ್ಳಿ ಬಡಿಗ, ತಾನು ಪುಣೆಯಲ್ಲಿದ್ದಾಗ ಒಂದು ಶನಿವಾರ ನಿಲ್ಲಿಸಿಬಿಟ್ಟಿದ್ದಾನೆ, ಇಂಥವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದ.

ಕಾಕಾ ಮನೆಯ ಹಿಂದೆ ಕೆಲಸಗಾರರ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. ಕರೆದಾಗ ಕೈ ತೊಳೆದು, ಹೆಗಲ ಮೇಲಿನ ಟವೆಲಿಗೆ ಒರೆಸಿಕೊಳ್ಳುತ್ತ ಒಳಗೆ ಬಂದರು. ಶೇಠರು ಕೇಳಿದ್ದು ಮರಾಠಿಯಲ್ಲಿ. ಕಾಕಾ ಉತ್ತರ ಕೊಟ್ಟದ್ದು ಕನ್ನಡದಲ್ಲಿ, ನನ್ನನ್ನು ನೋಡಿಕೊಂಡು.

“ನಾ ನಿಂದ್ರಿಸಿಲ್ರಿ. ಅದು ನಿಂತ ದಿನಾ ನಾ ಊರಾಗಿದ್ದೆ. ಯಾವ ದಿನಾ ನಿಂದ್ರಿಸಿದ್ರು ಅಂತ ಇಂವನ್ನ ಕೇಳ್ರಿ, ಎಲ್ಲಾ ಇಂವನ ವಹಿಯಾಗ ಐತಿ.”

ಎಲ್ಲರೂ ನನ್ನ ಕಡೆ ತಿರುಗಿದರು. ವಹಿ ನನ್ನ ಕಂಕುಳಲ್ಲೇ ಇತ್ತು. ಸಾಹೇಬ ಕಣ್ಣು ಕೀಳದೆ ನೋಡುತ್ತಿದ್ದ. ಶೇಠರು ಹುಬ್ಬು ಏರಿಸಿದ್ದರು. ನನಗೆ ನೌಕರಿ ಕಂಡಿತು, ಕ್ವಾರ್ಟರ್ಸು ಕಂಡಿತು.

“ವಹಿ ನೋಡಬೇಕ್ರಿ ಶೇಠ,” ಎಂದೆ.

ಅದು ಸುಳ್ಳಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳಾಗಿದ್ದರೆ ಕಾಕಾ ಜಗಳಕ್ಕಾದರೂ ಬರುತ್ತಿದ್ದರು. ಅವರು ನನ್ನನ್ನು ಒಮ್ಮೆ ಪೂರ್ತಿ ನೋಡಿ, ಹೊರಗೆ ಹೋಗಿ, ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಅರ್ಧ ಉಂಡ ಎಲೆ ಹಾಗೆಯೇ ಬಿದ್ದಿತ್ತು.

ತಿಂಗಳ ಮೇಲೆ ಮುಂಬಯಿಯ ಪತ್ರಿಕೆಯಲ್ಲಿ ಫೋಟೋ ಬಂತು. ಶೇಠರಿಗೆ ಸಂಭ್ರಮವೋ ಸಂಭ್ರಮ. ಜಪಾನಿ ಎಂಜಿನಿಯರ್ ಹೇಳಿದ ತಪ್ಪು ಬಡಿಗನ ಲೆಕ್ಕಕ್ಕೆ ಹೋಗಿತ್ತಲ್ಲ, ಇನ್ನು ಕಂಬದ ಚಂದಕ್ಕೇನು ಕೊರತೆ? ಕಂಬ ನಿಂತ ತಾರೀಖನ್ನು ಬೆಳ್ಳಿಯ ತಗಡಿನ ಮೇಲೆ ಕೆತ್ತಿಸಿ ಅದಕ್ಕೇ ಹಚ್ಚಬೇಕೆಂದರು. ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಗೆ ಹೋಗಿ ಮಾಡಿಸಿಕೊಂಡು ಬರುವ ಕೆಲಸ ನನಗೇ ಬಂತು. ನಾನು ನಿಜವಾದ ತಾರೀಖನ್ನೇ ಕೊಟ್ಟೆ. ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿ. ಬಾಯಿಬಿಟ್ಟು ಹೇಳಲಾಗದ್ದನ್ನು ಬೆಳ್ಳಿಯ ಮೇಲೆ ಬರೆಸಿದೆ, ಇನ್ನು ನನ್ನ ತಪ್ಪು ತೊಳೆದು ಹೋಯಿತು ಎಂದುಕೊಂಡೆ. ಅತಿಥಿಗಳ ಕೋಣೆಯೊಳಗೆ ನಮ್ಮ ಕಡೆಯ ಯಾವ ರೈತ ಕಾಲಿಡುತ್ತಾನೆ, ಅದನ್ನು ಯಾರು ಓದುತ್ತಾರೆ? ಹೇಡಿಯ ಪ್ರಾಮಾಣಿಕತನ ಹೀಗೇ ಇರುತ್ತದೆ, ಯಾರಿಗೂ ಕಾಣದಷ್ಟು.

ಊರಿನಲ್ಲಿ ಮಾತ್ರ ಸುದ್ದಿ ಎಲ್ಲರಿಗೂ ಮುಟ್ಟಿತು. ಗಿರಣಿಯ ಕೆಲಸಕ್ಕೆ ಬರುವ ನಮ್ಮ ಕಡೆಯವರೇ ಅದನ್ನು ಹೊತ್ತು ಹೋದರು. ಹಲಕರ್ಣಿಯ ಸಿದ್ದರಾಯ ಎಂಬ ಕುರುಬ ಆರು ವರ್ಷದಿಂದ ಒಂದೊಂದೇ ಮರ ಕೂಡಿಸಿ ಮನೆ ಕಟ್ಟಿಸಲು ಹೊರಟಿದ್ದ. ಕಾಕಾ ಅರ್ಧ ಕಂಬಗಳನ್ನು ಕೆತ್ತಿ ಕೊಟ್ಟಾಗಿತ್ತು. ಅವನು ಮುಖ ತಪ್ಪಿಸಿಕೊಂಡು ಗಡಹಿಂಗ್ಲಜದಿಂದ ಬೇರೆ ಬಡಿಗನನ್ನು ಕರೆತಂದ. ಅಲ್ಲಿಂದ ಮುಂದೆ ಎಂಟು ವರ್ಷ ಒಬ್ಬರೂ ಕಾಕಾನ ಕೈಯಿಂದ ಮನೆ ಕಟ್ಟಿಸಲಿಲ್ಲ. ನಾಲ್ಕು ಫಿಟ್ಟರುಗಳು ಜಗ್ಗಿದರೂ ಬಿಡದಂತೆ ತೊಲೆ ಕೂಡಿಸಿದ ಮನುಷ್ಯ ನೊಗ, ತೊಟ್ಟಿಲು, ಲಟ್ಟಣಿಗೆ ಮಾಡಿಕೊಂಡು ಕೂತರು. ಲಟ್ಟಣಿಗೆಗೆ ಬೇರಿನ ಕಡೆ ಯಾವುದು ಎಂದು ಯಾರೂ ಕೇಳುವುದಿಲ್ಲ.

ನಾನು ಊರಿಗೆ ಹೋದಾಗ ಅವರು ಜಗಳವಾಡಲಿಲ್ಲ, ಬೈಯಲಿಲ್ಲ. “ಬರ್ರಿ ಪಾಟೀಲ್ರ, ಕೂಡ್ರಿ,” ಎನ್ನುತ್ತಿದ್ದರು. ಚಿಕ್ಕಂದಿನಿಂದ ನನ್ನನ್ನು ತಮ್ಮಾ ಎಂದು ಕರೆದ ಬಾಯಿ ಅದು.

1986ರಲ್ಲಿ ಇನ್ನೊಬ್ಬ ಜಪಾನಿ ಅತಿಥಿ ಬಂದವನು ಕಂಬ ನೋಡಿ, ತಮ್ಮ ದೇಶದ ದೇಗುಲದ ಬಾಗಿಲ ಕಥೆ ಹೇಳಿದ. ಶೇಠರ ಮುಖ ಅರಳಿತು. ಒಂದು ವಾರದೊಳಗೆ ಅವರ ನೆನಪೂ ಬದಲಾಯಿತು. ಆ ಕಂಬವನ್ನು ಹಾಗೆ ನಿಲ್ಲಿಸಲು ತಾವೇ ಹೇಳಿದ್ದು ಎಂದು ಬಂದವರಿಗೆಲ್ಲ ಹೇಳತೊಡಗಿದರು. ಅವರು ಬೇಕೆಂದು ಸುಳ್ಳು ಹೇಳಿದರು ಎಂದು ನನಗನಿಸುವುದಿಲ್ಲ. ತಮಗೆ ಒಪ್ಪುವ ಮಾತು ನಿಜವೇ ಇರಬೇಕು ಎಂದು ನಂಬುವಷ್ಟು ಸುಖವಾಗಿ ಬದುಕಿದವರು ಅವರು. ತಪ್ಪಾಗಿದ್ದಾಗ ಕಂಬ ಕಾಡಸಿದ್ದನದು, ಜಾಣತನವಾದ ಕೂಡಲೇ ಶೇಠರದು. ಬೆಳ್ಳಿಹಬ್ಬದಲ್ಲಿ ಆ ಬಡಿಗನಿಗೆ ಶಾಲು ಹೊದಿಸೋಣ, ಹಲಕರ್ಣಿಯವರನ್ನೆಲ್ಲ ಟೆಂಪೋದಲ್ಲಿ ಕರೆಸೋಣ ಎಂದು ದೊಡ್ಡ ಮನಸ್ಸು ಮಾಡಿದರು. ಕರೆಯಲು ನನ್ನನ್ನೇ ಕಳಿಸಿದರು.

ಚಪ್ಪರದಲ್ಲಿ ಕೂತು ನಾನು ಎಲ್ಲವನ್ನೂ ಹೇಳಿದೆ. ಶಾಲು ಹೊದ್ದರೆ ಕಂಬ ತಿರುವಿದ್ದು ತಾವೇ ಎಂದು ಒಪ್ಪಿಕೊಂಡಂತೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಹೇಳುತ್ತ ಹೇಳುತ್ತ ಬೆಳ್ಳಿಯ ತಗಡಿನ ಸಂಗತಿಯೂ ಬಾಯಿಂದ ಬಂತು. ಅದರ ಮೇಲೆ ಸರಿಯಾದ ತಾರೀಖನ್ನೇ ಬರೆಸಿದ್ದೇನೆ ಎಂದೆ. ಜೋಳ ಕೇರುತ್ತಿದ್ದ ಲಗಮವ್ವ ಕಾಕೂ ಮೊರ ಕೆಳಗಿಟ್ಟರು.

“ಬೆಳ್ಳಿ ಮ್ಯಾಲೆ ಬರಸಾಕ ಬರತೈತಿ,” ಎಂದರು, “ಬಾಯಿಲೆ ಹೇಳಾಕ ಬರೂದಿಲ್ಲೇನ್ರಿ ನಿಮಗ?”

ಕಾಕಾ ಅವರನ್ನು ಸುಮ್ಮನಾಗಿಸಲಿಲ್ಲ. ಆ ತಗಡು ಇನ್ನೂ ಅಲ್ಲೇ ಇದೆಯೇ ಎಂದು ಮಾತ್ರ ಕೇಳಿದರು. ಇದೆ ಎಂದೆ. ಹಾಗಾದರೆ ಬರುತ್ತೇನೆ ಎಂದರು.

1987ರ ಏಪ್ರಿಲ್‌ನಲ್ಲಿ ಬೆಳ್ಳಿಹಬ್ಬ ನಡೆಯಿತು. ಜಪಾನಿ ಮನೆಯ ಎದುರಿನ ಹುಲ್ಲಿನ ಮೇಲೆ ಪೆಂಡಾಲು ಹಾಕಿದ್ದರು. ಕಂಬ ಎಲ್ಲರಿಗೂ ಕಾಣಲೆಂದು ಜಾರುಬಾಗಿಲುಗಳನ್ನೆಲ್ಲ ಸರಿಸಿಟ್ಟಿದ್ದರು. ಬಂದವರಲ್ಲಿ ಅರ್ಧ ಜನ ಕನ್ನಡದವರಾದ್ದರಿಂದ ಕನ್ನಡದಲ್ಲಿ ನಿರೂಪಣೆ ನನ್ನದು. ಮೈಕು ನನ್ನ ಕೈಯಲ್ಲಿತ್ತು. ಶೇಠರು ಅರ್ಧ ತಾಸು ಮಾತಾಡಿ ಶಾಲು ಕೈಗೆತ್ತಿಕೊಂಡರು. ಕಾಕಾನ ಹೆಸರು ಕರೆದಾಗ ಅವರು ವೇದಿಕೆ ಹತ್ತಲಿಲ್ಲ. ಚಪ್ಪಲಿ ಬಿಟ್ಟು ನೆಟ್ಟಗೆ ಮನೆಯೊಳಗೆ ನಡೆದು, ಕಂಬದ ಹತ್ತಿರ ನಿಂತು, ನನ್ನನ್ನು ಕರೆದರು. ಮೈಕಿನ ತಂತಿ ಅಲ್ಲಿಯವರೆಗೆ ಸಾಕಷ್ಟು ಉದ್ದವಿತ್ತು. ನಾನು ಹೋದೆ.

“ಪಾಟೀಲ್ರ, ಈ ಬೆಳ್ಳಿ ಮ್ಯಾಲೆ ಏನ ಬರದೈತಿ? ಎಲ್ಲಾರಿಗೂ ಕೇಳೂಹಂಗ ಓದ್ರಿ.”

ಓದಿದೆ. ಈ ಕಂಬವನ್ನು ನಿಲ್ಲಿಸಿದ್ದು 1978ನೆಯ ಇಸವಿ ನವೆಂಬರ್ ಮೂವತ್ತನೆಯ ತಾರೀಖು.

“ಅವತ್ತ ಯಾವ ದಿನಾ ಇತ್ರಿ?”

ಎಂಟು ವರ್ಷದ ಹಿಂದೆ ಇದೇ ಕೋಣೆಯಲ್ಲಿ ನನ್ನನ್ನು ಕೇಳಿದ್ದು ಇದನ್ನೇ. ಗುರುವಾರ ಎಂದು ಹೇಳಿ ಪಾರಾಗಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ. ಶೇಠರು ಶಾಲು ಹಿಡಿದು ನಗುತ್ತಿದ್ದರು. ಪೆಂಡಾಲಿನ ಮುಂದಿನ ಸಾಲಿನಲ್ಲಿ ಲಗಮವ್ವ ಕಾಕೂ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದರು.

“ಛಟ್ಟಿ ಅಮಾಸಿ,” ಎಂದೆ ಮೈಕಿನಲ್ಲಿ.

ಪಟ್ಟಣದವರು ಏನೂ ತಿಳಿಯದೆ ಚಪ್ಪಾಳೆಗೆ ಕಾಯುತ್ತಿದ್ದರು. ಹಲಕರ್ಣಿ, ಗಡಹಿಂಗ್ಲಜ ಕಡೆಯವರು ಕೂತ ಸಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಾಲಿನಿಂದ ಸಿದ್ದರಾಯ ರುಮಾಲು ಸರಿಮಾಡಿಕೊಳ್ಳುತ್ತ ಎದ್ದು ನಿಂತ.

“ಅಮಾಸಿ ದಿನಾ ಬಡಿಗೇರ ಉಳಿ ಮುಟ್ತಾನೇನ?” ಎಂದು ಕೇಳಿದ. ಯಾರನ್ನು ಕೇಳಿದನೋ, ತನ್ನನ್ನೇ ಕೇಳಿಕೊಂಡನೋ.

ಶೇಠರೂ ನಮ್ಮ ಕಡೆಯವರೇ. ಅಮಾವಾಸ್ಯೆಗೂ ಬಡಿಗೇರರಿಗೂ ಏನು ಸಂಬಂಧ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಗು ಮುಖದ ಮೇಲೆ ಹಾಗೇ ಉಳಿಯಿತು, ಶಾಲು ಹಿಡಿದ ಕೈ ಮಾತ್ರ ಕೆಳಗಿಳಿಯಿತು. ಕಾಕಾ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಆ ಕಂಬವನ್ನು ತಿರುವಿ ಸರಿಯಾಗಿ ನಿಲ್ಲಿಸುವ ದಿನ ಕರೆಯಿರಿ, ಬರುತ್ತೇನೆ, ಶಾಲು ಬೇಡ ಎಂದು ಶೇಠರಿಗೆ ಶಾಂತವಾಗಿ ಹೇಳಿ ಟೆಂಪೋ ಹತ್ತಿದರು.

ಪುಸ್ತಕ ಅದಾಗಲೇ ಅಚ್ಚಾಗಿ ಬಂದಿತ್ತು. ಅದೇ ಸಂಜೆ ಗೇಟಿನಲ್ಲಿ ಪೇಡೆಯ ಪೊಟ್ಟಣದ ಜೊತೆ ಎಲ್ಲರ ಕೈಗೂ ಒಂದೊಂದು ಕೊಟ್ಟರು. ಹದಿನಾಲ್ಕನೆಯ ಪುಟವನ್ನು ಯಾರೂ ಹರಿಯಲಿಲ್ಲ. ತಿದ್ದಿ ಮತ್ತೆ ಅಚ್ಚು ಹಾಕಿಸಿ ಎಂದು ನಾನು ಮೂರು ಅರ್ಜಿ ಬರೆದೆ. ನನ್ನನ್ನು ಗೋದಾಮಿಗೆ ಹಾಕಿದರು. ನಾಲ್ಕನೆಯದಾಗಿ ರಾಜೀನಾಮೆ ಬರೆದೆ, ಅದನ್ನು ಮಾತ್ರ ಕೂಡಲೇ ಒಪ್ಪಿಕೊಂಡರು. ಕಂಬ ಈಗಲೂ ತಲೆಕೆಳಗಾಗಿಯೇ ನಿಂತಿದೆ.

ಬೆಳ್ಳಿಹಬ್ಬ ಮುಗಿದ ಮುಂದಿನ ವಾರವೇ ನಾನು ಹಲಕರ್ಣಿಗೆ ಹೋದೆ. ಕಾಕಾ ಇನ್ನು ನನ್ನನ್ನು ತಮ್ಮಾ ಎಂದು ಕರೆಯಬಹುದು ಎಂಬ ಆಸೆ ಇತ್ತು; ಮುಚ್ಚಿಡುವುದೇಕೆ? ಚಪ್ಪರದಲ್ಲಿ ನನಗಿಂತ ಮೊದಲೇ ಸಿದ್ದರಾಯ ತೆಂಗಿನಕಾಯಿ ಹಿಡಿದು ಕೂತಿದ್ದ. ಮಗನಿಗೆ ಮನೆ ಕಟ್ಟಿಸಬೇಕು, ನಿಮ್ಮ ಕೈಯಿಂದಲೇ ಆಗಬೇಕು ಎಂದು ಬೇಡಿಕೊಳ್ಳುತ್ತಿದ್ದ. ಕಾಕಾ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಬೆರಳಿನ ಗೆಣ್ಣುಗಳು ಬಾತಿದ್ದವು, ಕೈ ನಡುಗುತ್ತಿತ್ತು.

“ತೊಲಿ ಕೊರಿಯೂವಷ್ಟ ಕೈ ನಿಂದ್ರಂಗಿಲ್ಲೋ ಸಿದ್ದರಾಯಾ,” ಎಂದರು. “ಆವಾಗ ಕರದಿದ್ರ ಬರತಿದ್ದೆ.”

ಅವನು ಕಾಯಿಯನ್ನು ಅಲ್ಲೇ ಇಟ್ಟು ಎದ್ದು ಹೋದ. ಲಗಮವ್ವ ಕಾಕೂ ನನಗೆ ನೀರು ತಂದಿಟ್ಟರು. ಮರುದಿನ ಅಮಾವಾಸ್ಯೆ, ಕಾಕಾ ಉಳಿಗಳನ್ನು ಒಂದೊಂದಾಗಿ ಬುಟ್ಟಿಯಿಂದ ತೆಗೆದು ತೊಳೆಯತೊಡಗಿದರು. ಕೊನೆಯ ಉಳಿ ತೊಳೆಯುತ್ತ, ಕತ್ತೆತ್ತದೆಯೇ ಕೇಳಿದರು.

“ಆ ಒಂದ ಮಾತಿಗೆ ಎಂಟ ವರ್ಷ ಬೇಕಾತೇನ್ರಿ, ಪಾಟೀಲ್ರ?”